ಪಾಸ್‌ಬುಕ್ಕಿನಲ್ಲಿ 14 ಸಲ 590 ರೂಪಾಯಿ

ಸಾಲದಲ್ಲಿ ಸಿಕ್ಕಿಕೊಂಡವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಈ ಹೊಲಿಗೆಯವರು ನನ್ನ ಹತ್ತಿರ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಹೆಂಡತಿಯ ಜೊತೆ. ಕೈಯಲ್ಲಿ ಬಟ್ಟೆ ಚೀಲ, ಅದರ ತುಂಬ ಕಾಗದ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನು ಕೈ ನೋಡಿಯೇ ಗುರುತು ಹಿಡಿಯಬಹುದು, ಬೆರಳ ತುದಿ ನೀಲಿ ಇರುತ್ತದೆ. ಇವರ ಪಾಸ್‌ಬುಕ್ಕಿನ ಅಂಚೂ ನೀಲಿಯಾಗಿತ್ತು.

ಗುರುತು ಸಿಗಬಾರದು ಅಂತ ವಯಸ್ಸು, ಮನೆಯ ವಿವರ, ಕೆಲವು ಮೊತ್ತಗಳನ್ನು ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಮನೆಯ ಮುಂದಿನ ಕೋಣೆಯಲ್ಲೇ ಐದು ಮಷಿನ್. ಮಾಲು ಕೊಡುವವರು ಕಟಿಂಗ್ ಆದ ಬಟ್ಟೆ ತಂದು ಹಾಕುತ್ತಾರೆ, ಇವರು ಹೊಲಿದು ಕೊಡುತ್ತಾರೆ. ಪೀಸ್ ಲೆಕ್ಕದಲ್ಲಿ ಕೂಲಿ. ಹಬ್ಬದ ಮುಂದೆ ರಾತ್ರಿ ಹನ್ನೆರಡಾದರೂ ಮಷಿನ್ ನಿಲ್ಲುವುದಿಲ್ಲ. ಆಮೇಲೆ ವಾರಗಟ್ಟಲೆ ಸುಮ್ನೆ ಕೂರೋದು. ಚೆನ್ನಾಗಿ ನಡೆದ ತಿಂಗಳು 32,000 ಸಿಗುತ್ತದೆ. ಇಲ್ಲದ ತಿಂಗಳು 18,000.

"ಒಟ್ಟು ಸಾಲ ಎಷ್ಟಿದೆ?" ಅಂತ ಕೇಳಿದೆ.

"ಮೂರು ಮೂರೂವರೆ ಲಕ್ಷ ಇರಬೇಕ್ರಿ."

ಚೀಲವನ್ನು ಚಾಪೆಯ ಮೇಲೆ ಸುರಿದೆವು. ಅದರಲ್ಲಿ ಹನ್ನೊಂದು ಲಕೋಟೆ ಒಡೆದೇ ಇರಲಿಲ್ಲ. ಒಂದೊಂದಾಗಿ ಒಡೆದು, ಯಾರಿಗೆ ಎಷ್ಟು ಅಂತ ಬರೆಯುತ್ತಾ ಹೋದೆವು. ಬ್ಯಾಂಕಿನ ಮಷಿನ್ ಸಾಲ 3,40,000. ಒಂದು ಫೈನಾನ್ಸ್ ಕಂಪನಿ ಮೊಬೈಲ್ ಆ್ಯಪ್ ಮೂಲಕ ಕೊಟ್ಟ ಸಾಲ 86,000. ಹೆಂಡತಿಯ ಹೆಸರಲ್ಲಿ ಎರಡು ಮೈಕ್ರೋಫೈನಾನ್ಸ್ ಸಂಘದ ಸಾಲ, ಸೇರಿ 62,000. ಬಂಗಾರ ಇಟ್ಟು ತಂದದ್ದು 70,000. ಪರಿಚಯದವರೊಬ್ಬರಿಂದ ನೂರಕ್ಕೆ ಐದು ರೂಪಾಯಿ ಬಡ್ಡಿಯ ಕೈಸಾಲ 50,000. ಕೂಡಿಸಿದರೆ 6,08,000 ಆಯಿತು.

ಆ ಮೊತ್ತ ನೋಡಿ ಅವರು ಮಾತು ನಿಲ್ಲಿಸಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇಂಥ ಹೊತ್ತಲ್ಲಿ ನಾನು ಲೆಕ್ಕ ಮುಂದುವರಿಸುವುದಿಲ್ಲ. ನೇರವಾಗಿ ಕೇಳಿದೆ, "ಸತ್ತು ಹೋಗಬೇಕು ಅಂತ ಯಾವಾಗಾದರೂ ಅನಿಸಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಕೆಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎದೆ ಹಗುರಾಗುತ್ತದೆ. ಅವರು ತಲೆ ಎತ್ತದೆ, "ಎರಡು ಸಲ ಬಂದಿತ್ರಿ. ಮಗಳ ಮುಖ ನೋಡಿ ಸುಮ್ನಾದೆ" ಅಂದರು. ಹೆಂಡತಿಗೆ ಅದು ಗೊತ್ತೇ ಇರಲಿಲ್ಲ. ಅವತ್ತು ಅರ್ಧ ಗಂಟೆ ಸಾಲದ ಮಾತೇ ಆಡಲಿಲ್ಲ. ಮನಸ್ಸಿನ ಕಷ್ಟಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿಗೂ ಹಾಕಿಕೊಟ್ಟೆ. ರಾತ್ರಿ ಎರಡು ಗಂಟೆಗೂ ಅಲ್ಲಿ ಫೋನ್ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೆಂಡತಿ ದಿನಾ ಸಂಜೆ ಒಂದು ಸಲ ಅವರನ್ನು ವಿಚಾರಿಸಬೇಕು, ನನಗೆ ವಾರಕ್ಕೊಂದು ಫೋನ್ ಮಾಡಬೇಕು ಅಂತ ಮಾತಾಯಿತು.

ಆಮೇಲೆ ಪಾಸ್‌ಬುಕ್ ತೆಗೆದೆವು.

ಆ್ಯಪ್ ಸಾಲದ ಕಂತು 5,400. ಪ್ರತಿ ತಿಂಗಳು 5ನೇ ತಾರೀಕು ಅದು ಖಾತೆಯಿಂದ ತಾನೇ ಕಟ್ ಆಗಬೇಕು. ದುಡ್ಡಿಲ್ಲದಿದ್ದರೆ ಬೌನ್ಸ್. ಎರಡು ಮೂರು ದಿನ ಬಿಟ್ಟು ಕಂಪನಿಯವರು ಅದೇ ಕಂತನ್ನು ಮತ್ತೆ ಕಳಿಸುತ್ತಾರೆ, ಮತ್ತೆ ಬೌನ್ಸ್. ಪ್ರತಿ ಬೌನ್ಸ್‌ಗೆ ಇವರ ಬ್ಯಾಂಕು 500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 590 ಹಿಡಿದುಕೊಂಡಿತ್ತು. ಕೆಂಪು ಪೆನ್ನಿನಿಂದ ಗುರುತು ಹಾಕುತ್ತಾ ಹೋದೆ. ಐದು ತಿಂಗಳಲ್ಲಿ 14 ಸಲ, 8,260 ರೂಪಾಯಿ. ಫೈನಾನ್ಸ್ ಕಂಪನಿ ತನ್ನ ಕಡೆಯಿಂದ ಹಾಕಿದ ದಂಡ ಬೇರೆ. ಇದರ ನಡುವೆ ಕನಿಷ್ಠ ಬ್ಯಾಲೆನ್ಸ್ ಇಲ್ಲ ಅಂತ ಮೂರು ಸಲ 472 ಕಟ್ ಆಗಿತ್ತು. ಖಾತೆ ಮೈನಸ್‌ಗೆ ಹೋಗಿತ್ತು.

"ನಾ ಕಂತು ಕಟ್ಟಿಲ್ಲ, ಮತ್ತ ದುಡ್ಡು ಎಲ್ಲಿ ಹೋತು ಅಂತ ತಿಳೀಲಿಲ್ರಿ" ಅಂದರು. ಹೊಲಿಗೆಯ ಕೂಲಿ ಖಾತೆಗೆ ಬಿದ್ದ ದಿನವೇ ಹಳೆಯ ದಂಡಕ್ಕೆ ಕರಗುತ್ತಿತ್ತು. ಮಷಿನ್ ಸಾಲವೂ ಅದೇ ಬ್ಯಾಂಕಿನದು, ಹಾಗಾಗಿ ಉಳಿದದ್ದನ್ನು ಅದರ ಬಾಕಿಗೆ ಜಮಾ ಮಾಡಿಕೊಳ್ಳುತ್ತಿದ್ದರು. ಸಾಲ ಇರುವ ಬ್ಯಾಂಕಿನಲ್ಲೇ ದುಡಿಮೆಯ ದುಡ್ಡೂ ಇದ್ದರೆ, ಬಾಕಿಗೆ ಹಾಗೆ ಹಿಡಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಮನೆಗೆ ಅಕ್ಕಿ ತರಲೂ ದುಡ್ಡು ಉಳಿಯುತ್ತಿರಲಿಲ್ಲ. ಕೈಸಾಲದ ಆ 50,000 ಇಳಿಯದೇ ಉಳಿದದ್ದು ಹೀಗೆ.

ನಾನು ಕೊಟ್ಟ ಮೊದಲ ಸಲಹೆ ಇದು: ಸಾಲ ಇಲ್ಲದ ಬೇರೆ ಬ್ಯಾಂಕಿನಲ್ಲಿ ಈ ವಾರವೇ ಒಂದು ಖಾತೆ ತೆರೆಯಿರಿ. ಮೂಲ ಉಳಿತಾಯ ಖಾತೆ ಅಂತ ಕೇಳಿ. ಜನಧನ ಖಾತೆಯ ಥರದ್ದು, ಕನಿಷ್ಠ ಬ್ಯಾಲೆನ್ಸ್ ಬೇಕಿಲ್ಲ, ಎಲ್ಲ ಬ್ಯಾಂಕಿನವರೂ ಕೊಡಬೇಕು. ಸಾಮಾನ್ಯ ಉಳಿತಾಯ ಖಾತೆಗೂ ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಕನಿಷ್ಠ ಬ್ಯಾಲೆನ್ಸಿನ ದಂಡ ತೆಗೆದುಹಾಕಿವೆ. ಇನ್ಮೇಲೆ ಕೂಲಿ ಹೊಸ ಖಾತೆಗೇ ಬರಲಿ.

"ಇದು ಮೋಸ ಅಲ್ವಾ ಮೇಡಂ?" ಅಂತ ಕೇಳಿದರು. ಎಷ್ಟು ಪ್ರಾಮಾಣಿಕ ಮನುಷ್ಯ ನೋಡಿ. ಸಾಲ ಎಲ್ಲಿಗೂ ಓಡಿಹೋಗುವುದಿಲ್ಲ, ಕೊಡಬೇಕಾದದ್ದು ಕೊಡಲೇಬೇಕು. ಆದರೆ ಯಾರಿಗೆ, ಯಾವ ದಿನ, ಎಷ್ಟು ಅನ್ನೋದನ್ನು ನೀವು ತೀರ್ಮಾನಿಸಬೇಕು. 5ನೇ ತಾರೀಕಿನ ಕಂಪ್ಯೂಟರ್ ಅಲ್ಲ. ಫೋನಲ್ಲಿ ಜೋರಾಗಿ ಬೈಯುವವನೂ ಅಲ್ಲ. ಹತ್ತು ವರ್ಷದಿಂದ ಈ ಕೆಲಸದಲ್ಲಿ ನೋಡುತ್ತಿದ್ದೇನೆ, ಹೆಚ್ಚು ಕೂಗಿದವನಿಗೆ ಮೊದಲು ಕೊಟ್ಟು, ಮನೆ ಬಾಡಿಗೆ ಬಾಕಿ ಉಳಿಸಿಕೊಂಡವರೇ ಜಾಸ್ತಿ ಮುಳುಗುತ್ತಾರೆ.

ಹಳೆ ಬ್ಯಾಂಕಿಗೆ ಎರಡು ಪತ್ರ ಬರೆದೆವು. ಒಂದು, ಫೈನಾನ್ಸ್ ಕಂಪನಿಯ ಆಟೋ ಡೆಬಿಟ್ ರದ್ದು ಮಾಡಿ ಅಂತ. ಖಾತೆದಾರ ಬರೆದುಕೊಟ್ಟರೆ ಬ್ಯಾಂಕು ಅದನ್ನು ನಿಲ್ಲಿಸಬೇಕು. ಅದೇ ದಿನ ಕಂಪನಿಗೂ ಪತ್ರ ಹಾಕಿದೆವು, ಹೇಳದೆ ನಿಲ್ಲಿಸಿದರೆ ತಪ್ಪಿಸಿಕೊಂಡು ಓಡಾಡುತ್ತಿದ್ದಾನೆ ಅಂತಾರೆ. ಇನ್ನೊಂದು ಪತ್ರ, ಹಿಡಿದ ದಂಡ ವಾಪಸ್ ಕೊಡಿ ಅಂತ. ಕನಿಷ್ಠ ಬ್ಯಾಲೆನ್ಸಿನ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಬಾರದು. ದಂಡ ಹಾಕುವ ಮೊದಲು ಗ್ರಾಹಕನಿಗೆ ತಿಳಿಸಿ, ಕನಿಷ್ಠ ಒಂದು ತಿಂಗಳು ಸಮಯ ಕೊಡಬೇಕು. ಇದು ರಿಸರ್ವ್ ಬ್ಯಾಂಕ್ 2015ರ ಏಪ್ರಿಲ್ 1ರಿಂದ ಜಾರಿ ಮಾಡಿದ ನಿಯಮ. ಬೌನ್ಸ್ ದಂಡಕ್ಕೆ ಅಂಥ ನೇರ ನಿಯಮ ಇಲ್ಲ, ಅದನ್ನು ಕಷ್ಟ ಹೇಳಿಕೊಂಡು ಕೇಳಬೇಕು. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಪತ್ರ ಉದ್ದ ಬೇಡ. ಇವರು ಬರೆದದ್ದು ಇಷ್ಟೇ:

"ನಾನು ಜೀನ್ಸ್ ಹೊಲಿಗೆ ಕೆಲಸದವನು. ಆರು ತಿಂಗಳಿಂದ ಕೆಲಸ ಕಡಿಮೆಯಾಗಿದೆ. ನನ್ನ ಆದಾಯ, ಮನೆ ಖರ್ಚು, ಎಲ್ಲ ಸಾಲಗಳ ಪಟ್ಟಿ ಜೊತೆಗಿದೆ. ಒಂದೇ ಕಂತಿಗೆ ತಿಂಗಳಲ್ಲಿ ಮೂರು ಸಲ ದಂಡ ಹಾಕಲಾಗಿದೆ. ಸಾಲ ತೀರಿಸುವ ಮನಸ್ಸಿದೆ. ದಂಡ ಹಿಂದಿರುಗಿಸಿ, ಮಷಿನ್ ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಲೇಬೇಕು ಅಂತ ಹೇಳಿ ಕಳಿಸಿದೆ. ಆ ಸೀಲು ಬಹಳ ಮುಖ್ಯ. ಅಲ್ಲಿಂದ 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಉತ್ತರ ಸರಿ ಅನಿಸದಿದ್ದರೆ, ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅವರ ದೂರಿನ ವೆಬ್‌ಸೈಟ್ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ಮಾಹಿತಿಗೆ 14448. ವಕೀಲರು ಬೇಡ, ಫೀಸೂ ಇಲ್ಲ.

ಮೊದಲ ತಿಂಗಳೇ ಒಂದು ಎಡವಟ್ಟಾಯಿತು. ಅದರಲ್ಲಿ ನನ್ನ ತಪ್ಪೂ ಇದೆ. ಹೊಸ ಖಾತೆ ತೆರೆದರು, ಆದರೆ ಫೋನಿನ ಯುಪಿಐನಲ್ಲಿ ಹಳೆ ಖಾತೆಯೇ ಮುಖ್ಯ ಖಾತೆಯಾಗಿ ಉಳಿದಿತ್ತು. ಮಾಲು ಕೊಡುವವರು ಎಂದಿನಂತೆ ಫೋನ್ ನಂಬರಿಗೆ 8,000 ಹಾಕಿದರು. ಅದು ಸೀದಾ ಹಳೆ ಖಾತೆಗೆ ಹೋಗಿ, ಸಂಜೆಯೊಳಗೆ ಬಾಕಿಗೆ ಜಮಾ ಆಯಿತು. ಅವತ್ತು ಅವರು ಫೋನಲ್ಲಿ ಅತ್ತರು. ಈಗ ನಾನು ಯಾರಿಗೇ ಹೊಸ ಖಾತೆ ಹೇಳಿದರೂ, ನನ್ನ ಎದುರೇ ಫೋನ್ ತೆಗೆಸಿ, ಮುಖ್ಯ ಖಾತೆ ಬದಲಿಸಿ, ಒಂದು ರೂಪಾಯಿ ಹಾಕಿ ನೋಡುತ್ತೇನೆ.

ಇನ್ನು ಹಂಚಿಕೆ. ಕೆಲಸ ಇಲ್ಲದ ತಿಂಗಳ 18,000ದಲ್ಲಿ ಬಾಡಿಗೆ, ಊಟ, ಮಗಳ ಪಿಯುಸಿ ಖರ್ಚು, ಜೆಸ್ಕಾಂ ಕರೆಂಟ್ ಬಿಲ್, ಔಷಧಿ ಸೇರಿ 13,500 ಹೋಗುತ್ತದೆ. ಉಳಿಯುವುದು 4,500. ಕಟ್ಟಬೇಕಾದ ಕಂತು, ಬಡ್ಡಿ ಎಲ್ಲ ಸೇರಿ 22,000ಕ್ಕೂ ಮೇಲೆ. ಇದು ಯಾವ ಜಾಣನಿಂದಲೂ ಆಗುವ ಲೆಕ್ಕ ಅಲ್ಲ. ಅವರಿಗೆ ಅದನ್ನು ಎರಡು ಸಲ ಹೇಳಿದೆ, ಯಾಕೆಂದರೆ ತನ್ನ ಸೋಮಾರಿತನದಿಂದ ಹೀಗಾಯಿತು ಅಂತ ಅವರು ನಂಬಿದ್ದರು. ಬಂಗಾರ ಹರಾಜಾಗದಂತೆ ಬಡ್ಡಿಗೆ 700. ಮಷಿನ್ ಹೋದರೆ ಅನ್ನವೇ ಹೋಗುತ್ತದೆ, ಅದಕ್ಕೆ 1,500. ಸಂಘಗಳಿಗೆ 1,500. ಆ್ಯಪ್ ಸಾಲಕ್ಕೆ 500. ಮಿಕ್ಕಿದ 300 ಮನೆಯಲ್ಲೇ ಇರಲಿ. ಹಬ್ಬದ ತಿಂಗಳು ಎಲ್ಲರಿಗೂ ಜಾಸ್ತಿ. ಸಾಲ ಕಟ್ಟುವ ರೀತಿ ನೋಡಿ ಕೊಡುವ ಅಂಕ, ಸಿಬಿಲ್ ಸ್ಕೋರ್, ಬೀಳುತ್ತದೆ, ನೋಟಿಸ್‌ಗಳು ಬರುತ್ತವೆ, ಇದನ್ನೂ ಮುಚ್ಚಿಡದೆ ಹೇಳಿದೆ. ಹೆಂಡತಿಗೆ ಬರುವ ಗೃಹಲಕ್ಷ್ಮಿಯ 2,000ವನ್ನು ಈ ಲೆಕ್ಕಕ್ಕೆ ಸೇರಿಸಲಿಲ್ಲ. ಅದು ಅವರ ಕೈಯಲ್ಲೇ ಇರಲಿ ಅಂದೆ.

ಹೆಂಡತಿಗೆ ಬ್ಯಾಂಕಿಗಿಂತ ಸಂಘದವರ ಭಯವೇ ದೊಡ್ಡದು. ವಾರದ ಕಂತು ತಪ್ಪಿದರೆ ಬಾಗಿಲಲ್ಲಿ ಬಂದು ಕೂರುತ್ತಾರೆ, ಓಣಿಯವರೆಲ್ಲ ನೋಡುತ್ತಾರೆ. "ಕತ್ತಲಾದ ಮ್ಯಾಲೂ ಕುಂತಿರ್ತಾರ್ರಿ, ಅಡಗಿ ಮಾಡಾಕ ಕೈ ಬರಂಗಿಲ್ಲ" ಅಂದರು. ಅವರಿಗೆ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: ಮೈಕ್ರೋಫೈನಾನ್ಸ್ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ, ಫೋನೂ ಮಾಡುವಂತಿಲ್ಲ. ಕಂತು ಕಟ್ಟಲು ಗೊತ್ತು ಮಾಡಿದ ಜಾಗಕ್ಕೆ ನೀವು ಎರಡು ಸಲ ಮೇಲಿಂದ ಮೇಲೆ ಹೋಗದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಬೈಯುವುದು, ನೆಂಟರಿಗೆ ನೆರೆಯವರಿಗೆ ಕಿರುಕುಳ ಕೊಡುವುದು ತಪ್ಪು. ಇದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಉಳಿದ ಸಾಲದ ವಸೂಲಿ ಫೋನಿಗೆ ಬೆಳಿಗ್ಗೆ 8ರಿಂದ ಸಂಜೆ 7ರ ಮಿತಿ.

ಅವರು ಇನ್ನೊಂದು ಕೇಳಿದರು, "ಸರ್ಕಾರ ಸಂಘದ ಸಾಲ ಮನ್ನಾ ಮಾಡೈತಂತಲ್ರಿ?" ಇಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯಾಗಿ ತಂದು, ಆಮೇಲೆ ಕಾಯ್ದೆ ಮಾಡಿದ ಕಾನೂನು ಇರುವುದು ಹಿಂಸೆ ಕೊಟ್ಟು ವಸೂಲಿ ಮಾಡುವವರ ವಿರುದ್ಧ. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲವನ್ನು ತೀರಿಸಲೇಬೇಕು. ಯಾರದೋ ಮಾತು ಕೇಳಿ ಕಂತು ಪೂರ್ತಿ ನಿಲ್ಲಿಸಿದವರು ಆಮೇಲೆ ಜಾಸ್ತಿ ಒದ್ದಾಡಿದ್ದಾರೆ.

ನನ್ನ ನಿದ್ದೆ ಕೆಡಿಸಿದ್ದು ಕೈಸಾಲ. ನೂರಕ್ಕೆ ಐದು ಅಂದರೆ ವರ್ಷಕ್ಕೆ ಶೇ. 60. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಯವರೂ ಅಡವು ಇಲ್ಲದ ಸಾಲಕ್ಕೆ ಶೇ. 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಇವರು 22 ತಿಂಗಳು 2,500ರಂತೆ 55,000 ಬಡ್ಡಿಯನ್ನೇ ಕಟ್ಟಿದ್ದರು. ಅಸಲು ಹಾಗೇ ನಿಂತಿತ್ತು. ಮೇಲಾಗಿ ಸಹಿ ಹಾಕಿದ ಎರಡು ಖಾಲಿ ಚೆಕ್ ಆ ಮನುಷ್ಯನ ಹತ್ತಿರ ಇದ್ದವು. ಚೆಕ್ ಬೌನ್ಸ್ ಆದರೆ ಚೆಕ್ ಕಾನೂನಿನ 138ನೇ ಕಲಂ ಕೇಸು ಬೀಳುತ್ತದೆ. ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕಟ್ಟಲು ಇರುವುದು 15 ದಿನ. ಅಂಥ ನೋಟಿಸನ್ನು ದಯವಿಟ್ಟು ವಾಪಸ್ ಕಳಿಸಬೇಡಿ, ತೆಗೆದುಕೊಂಡು ಅದೇ ದಿನ ವಕೀಲರ ಹತ್ತಿರ ಓಡಿ. ನಾನು ಇವರನ್ನು ಬಳ್ಳಾರಿ ಕೋರ್ಟಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಅಲ್ಲಿ ಕೇಸಿಗೆ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸಿದರು. 20,000ಕ್ಕೆ ಒಪ್ಪಂದವಾಗಿ, ಹತ್ತು ಕಂತು ಗೊತ್ತಾಯಿತು. ಎರಡೂ ಚೆಕ್ ಕೈಗೆ ಬಂದವು. ಹೊರಗೆ ಬಂದವರೇ ಹೆಂಡತಿ ಅವನ್ನು ಹರಿದು ಚೂರು ಚೂರು ಮಾಡಿದರಂತೆ.

ಬ್ಯಾಂಕು ಕನಿಷ್ಠ ಬ್ಯಾಲೆನ್ಸಿನ 1,416 ಪೂರ್ತಿ, ಬೌನ್ಸ್ ದಂಡದಲ್ಲಿ ಅರ್ಧ ವಾಪಸ್ ಕೊಟ್ಟಿತು. ಅದು ಹಳೆ ಖಾತೆಗೆ ಬಿದ್ದು ಮಷಿನ್ ಸಾಲಕ್ಕೇ ಹೋಯಿತು. ಹೋಗಲಿ, ಸಾಲ ಅಷ್ಟು ಇಳಿಯಿತಲ್ಲ. ಮೂರು ಸಲ ಅಲೆದ ಮೇಲೆ ಸಾಲದ ಅವಧಿ ಹೆಚ್ಚಿಸಿದರು, 9,800 ಇದ್ದ ಕಂತು 6,700 ಆಯಿತು. ಹಬ್ಬದ ತಿಂಗಳು ಅದನ್ನು ಪೂರ್ತಿ ಕಟ್ಟುತ್ತಿದ್ದಾರೆ. ಬಾಕಿ ತಿಂಗಳು ಈಗಲೂ ಎಳೆದಾಟ ಇದೆ. ಆ್ಯಪ್ ಸಾಲದವರು ಯಾವ ಪತ್ರಕ್ಕೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಆ ದೂರು ಓಂಬುಡ್ಸ್‌ಮನ್ ಹತ್ತಿರ ಇದೆ.

ಹೋದ ತಿಂಗಳು ಬಂದಾಗ ಬಟ್ಟೆ ಚೀಲ ಇರಲಿಲ್ಲ. ಮಗಳು ತನ್ನ ಹಳೆ ಕಾಲೇಜು ಫೈಲು ಕೊಟ್ಟಿದ್ದಾಳೆ, ಕಾಗದ ತಾರೀಕಿನ ಪ್ರಕಾರ ಜೋಡಿಸಿದ್ದಾಳೆ. ಎಲ್ಲಕ್ಕಿಂತ ಮೇಲೆ ಆ್ಯಪ್ ಕಂಪನಿಯ ಹೊಸ ನೋಟಿಸ್ ಇತ್ತು.

"ನಿನ್ನೆ ಬಂತ್ರಿ" ಅಂದರು. "ಒಡೆದು ಓದೀವಿ. ಉತ್ತರಾನೂ ಬರೆದೀವಿ, ಸ್ವಲ್ಪ ನೋಡ್ರಿ."