ಕೇಳುವವರ ಮೇಲೆ ಯಾಕಿಷ್ಟು ಸಿಟ್ಟು?

ಓದುಗರ ಪತ್ರ: ದೇವರ ಮುಂದೆ ನಿಂತು ಕೆಲಸ ಕೊಡು, ಕಾಯಿಲೆ ವಾಸಿಮಾಡು ಎನ್ನುವವರನ್ನು ಕಂಡರೆ ಬೇಸರವಾಗುತ್ತದೆ. ಇದು ಭಕ್ತಿಯೇ, ಬರೀ ಸ್ವಾರ್ಥವೇ? ಏನನ್ನೂ ಬೇಡದ ಸೂಫಿ ಸಾಧ್ವಿ ರಾಬಿಯಾ ಎಲ್ಲಿ, ಇವರೆಲ್ಲಿ! ನಾನಂತೂ 20 ವರ್ಷದಿಂದ ದೇವರಲ್ಲಿ ಏನನ್ನೂ ಕೇಳಿಲ್ಲ.

ಸಂಪಾದಕರ ಉತ್ತರ: ದೇವರ ಜೊತೆ ವ್ಯಾಪಾರಕ್ಕಿಳಿಯುವವರು ಇದ್ದಾರೆ, ಒಪ್ಪಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಕೊನೆಯ ಸಾಲು. 20 ವರ್ಷ ಅಂತ ಲೆಕ್ಕ ಇಟ್ಟವರು ಯಾರು ಸ್ವಾಮಿ?

ಗೀತೆಯ 7ನೇ ಅಧ್ಯಾಯದಲ್ಲಿ ಕೃಷ್ಣ ತನ್ನನ್ನು ಭಜಿಸುವವರು ನಾಲ್ಕು ಬಗೆ ಎನ್ನುತ್ತಾನೆ. ಕಷ್ಟದಲ್ಲಿರುವವನು, ತಿಳಿಯಬೇಕು ಅನ್ನುವವನು, ಸಂಪತ್ತು ಬೇಕು ಅನ್ನುವವನು, ಜ್ಞಾನಿ. ಜ್ಞಾನಿಗೆ ಎತ್ತರದ ಮಣೆ, ನಿಜ. ಆದರೆ ಅಲ್ಲೇ ಮುಂದೆ, ಇವರೆಲ್ಲರೂ ಉದಾರರೇ ಎಂದುಬಿಡುತ್ತಾನೆ. ಕೇಳಿಸಿಕೊಳ್ಳುವವನಿಗೇ ಇಲ್ಲದ ಬೇಸರ ನಮಗೇಕೆ?

ಧ್ರುವನನ್ನೇ ನೋಡಿ. ಐದು ವರ್ಷದ ಹುಡುಗ. ಅಪ್ಪನ ತೊಡೆ ಏರಲು ಹೋದಾಗ ಮಲತಾಯಿ ಅಡ್ಡ ಬಂದಳು. ಅವಮಾನ, ಸಿಟ್ಟು, ಎಲ್ಲರಿಗಿಂತ ಎತ್ತರದ ಜಾಗ ಬೇಕೆಂಬ ಹಟ. ಅವನನ್ನು ಕಾಡಿಗೆ ಕರೆದೊಯ್ದದ್ದು ಇವೇ. ಭಾಗವತದಲ್ಲಿ ನನಗೆ ಅವನ ತಪಸ್ಸಿಗಿಂತ ಜಾಸ್ತಿ ಇಷ್ಟವಾಗುವುದು ವರ ಸಿಕ್ಕಮೇಲಿನ ಅವನ ಸಪ್ಪೆ ಮುಖ. ಚಕ್ರವರ್ತಿಯ ಮುಂದೆ ನಿಂತು ತೌಡು ಬೇಡಿದ ಬಡವನ ಹಾಗಾಯಿತಲ್ಲ ಎಂದು ಕೊರಗುತ್ತಾನೆ. ಕೇಳದೆ ಮನೆಯಲ್ಲೇ ಕೂತಿದ್ದರೆ ಆ ಕೊರಗು ಎಲ್ಲಿಂದ ಬರುತ್ತಿತ್ತು?

ಇನ್ನು ನಿಮ್ಮ ರಾಬಿಯಾ. 8ನೇ ಶತಮಾನದ ಬಸ್ರಾದ ಆ ಸೂಫಿ ಸಾಧ್ವಿ ನನಗೂ ಅಚ್ಚುಮೆಚ್ಚು. ಸ್ವರ್ಗದ ಆಸೆಗೆ ಪೂಜಿಸಿದರೆ ನನಗೆ ಸ್ವರ್ಗ ಬೇಡ, ನರಕದ ಭಯಕ್ಕೆ ಪೂಜಿಸಿದರೆ ನರಕದಲ್ಲೇ ಸುಡು ಎಂಬ ಪ್ರಾರ್ಥನೆ ಆಕೆಯದು ಅಂತಾರೆ. ಪೂರ್ತಿ ಓದಿದ್ದೀರಾ? ಕೊನೆಗೆ, ನಿನಗಾಗಿಯೇ ಪೂಜಿಸಿದರೆ ನಿನ್ನ ಚೆಲುವನ್ನು ಮಾತ್ರ ಬಚ್ಚಿಡಬೇಡ ಎನ್ನುತ್ತಾಳೆ. ಆಕೆಯೂ ಕೇಳಿದಳು, ಅಲ್ವಾ?

ಒಮ್ಮೆ ಆಸ್ಪತ್ರೆಯಲ್ಲಿ, ರಾತ್ರಿ ಎರಡು ಗಂಟೆ. ನಮ್ಮಮ್ಮ ಒಳಗಿದ್ದರು. ಎದುರಿನ ಬೆಂಚಿನಲ್ಲಿ ಒಬ್ಬಾಕೆ ಔಷಧಿ ಚೀಟಿಯನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ, "ಇದೊಂದ್ಸಲ, ಇದೊಂದೇ ಸಲ" ಅನ್ನುತ್ತಿದ್ದರು. ನಾನೂ ಅದನ್ನೇ ಅನ್ನುತ್ತಿದ್ದೆ, ತುಟಿ ಬಿಚ್ಚದೆ. ಸ್ವಾರ್ಥ ಅನ್ನಿ ಬೇಕಿದ್ದರೆ. ಅಷ್ಟು ಮನಸ್ಸಿಟ್ಟು ನಾನು ಆಮೇಲೆ ಯಾವತ್ತೂ ಪ್ರಾರ್ಥಿಸಿಲ್ಲ.

ನನಗೆ ಸ್ವಾರ್ಥ ಕಾಣುವುದು ಬೇರೆ ಕಡೆ. ನಮಗೆ ಬರುವ ಲೇಖನಗಳನ್ನು ನೀವು ಒಂದು ವಾರ ಓದಬೇಕು. ಧ್ಯಾನ ಮಾಡಿ ಬಿಪಿ ಇಳಿಸಿ, ಜಪ ಮಾಡಿ ನೆನಪಿನ ಶಕ್ತಿ ಹೆಚ್ಚಿಸಿ. ದೇವರ ಸುದ್ದಿಯೇ ಇಲ್ಲ, ಲಾಭದ್ದೇ ಮಾತು. ಇದಕ್ಕೆ ಅಧ್ಯಾತ್ಮ ಅಂತ ಹೆಸರು, ಬೆಂಚಿನ ಮೇಲಿದ್ದ ಹೆಂಗಸಿನದು ಆಸೆಬುರುಕತನ! ವಾಪಸ್ ಕಳಿಸಿದರೆ ಕೋಪ ಬೇರೆ. ಮನಶ್ಶಾಂತಿಯ ಬಗ್ಗೆ ಬರೆದವರು ನನಗೆ ಬೈದು ಬರೆದ ಕಾಗದಗಳು ಡ್ರಾಯರಿನಲ್ಲಿ ಮೂರಿವೆ.

ಮತ್ತೆ ಬರೆಯಿರಿ. 20 ವರ್ಷದ ಹಿಂದೆ ಕೊನೆಯ ಸಲ ಏನು ಕೇಳಿದ್ದಿರಿ? ಸಿಕ್ಕಿತಾ?