ನ್ಯೂರೋಸೈನ್ಸ್ ರಿಸರ್ಚರ್ ಒಬ್ಬರ ಹೆಸರಲ್ಲಿ ನೂರಾರು ಪೇಪರ್ ಇರುತ್ತಲ್ಲ, ಅಷ್ಟೂ ಅವರೇ ಬರೆದಿರ್ತಾರಾ?

ಇಲ್ಲ, ಎಲ್ಲಾನೂ ಅವರೇ ಕೂತು ಬರೆದಿರಲ್ಲ. ಈ ಫೀಲ್ಡಲ್ಲಿ ಹೆಸರುಗಳು ಯಾವ ಕ್ರಮದಲ್ಲಿ ಬರುತ್ತೆ ಅನ್ನೋದಕ್ಕೇ ಒಂದು ಅರ್ಥ ಇದೆ. ಮೊದಲ ಹೆಸರು ಸಾಮಾನ್ಯವಾಗಿ ಕೆಲಸದ ಬಹುಪಾಲು ಮಾಡಿ ಬರೆದವರದ್ದು, ಎಷ್ಟೋ ಸಲ ಪಿಎಚ್‌ಡಿ ಸ್ಟೂಡೆಂಟೇ ಆಗಿರ್ತಾರೆ, ಕೊನೇ ಹೆಸರು ಲ್ಯಾಬ್ ನಡೆಸೋ ಪ್ರೊಫೆಸರ್‌ದು, ಮಧ್ಯದಲ್ಲಿರೋರು ಸ್ಕ್ಯಾನ್ ತೆಗೆದವರು, ಪೇಷಂಟ್‌ಗಳನ್ನ ನೋಡಿದವರು, ಲೆಕ್ಕ ಮಾಡಿಕೊಟ್ಟವರು. ಲ್ಯಾಬಲ್ಲಿ ಎಂಟ್ಹತ್ತು ಜನ ಇದ್ರೆ ಅವರೆಲ್ಲರ ಪೇಪರಲ್ಲೂ ಪ್ರೊಫೆಸರ್ ಹೆಸರು ಕೊನೇಲಿ ಬರುತ್ತೆ, ಅದಕ್ಕೇ ಲಿಸ್ಟ್ ಅಷ್ಟುದ್ದ ಬೆಳೆಯೋದು.

ಅದಕ್ಕೇ ಬರೀ ನಂಬರ್ ನೋಡಿ ಅಳೀಬೇಡಿ. 1957ರಲ್ಲಿ ಬಂದ, ನೆನಪಿನ ಬಗ್ಗೆ ತುಂಬಾ ಹೆಸರುವಾಸಿ ಪೇಪರಲ್ಲಿ ಇರೋದು ಎರಡೇ ಹೆಸರು: ಆಪರೇಷನ್ ಮಾಡಿದ ಸರ್ಜನ್ ವಿಲಿಯಂ ಸ್ಕೋವಿಲ್, ಪೇಷಂಟನ್ನ ಟೆಸ್ಟ್ ಮಾಡಿದ ಸೈಕಾಲಜಿಸ್ಟ್ ಬ್ರೆಂಡಾ ಮಿಲ್ನರ್. ಫಿಟ್ಸ್ ನಿಲ್ಲಿಸೋಕೆ ಅಂತ 1953ರಲ್ಲಿ ಮೆದುಳಿನ ಆಪರೇಷನ್ ಆದ ಎಚ್.ಎಂ. ಅನ್ನೋ ಆ ಪೇಷಂಟ್‌ಗೆ ಆಮೇಲೆ ನಡೆದದ್ದು ಹೆಚ್ಚುಕಮ್ಮಿ ಯಾವ್ದೂ ನೆನಪಲ್ಲಿ ಉಳೀತಿರ್ಲಿಲ್ಲ. ಮಿಲ್ನರ್ ಒಂದ್ಸಲ ಎಚ್.ಎಂ. ಕೈಗೆ ಪೆನ್ಸಿಲ್ ಕೊಟ್ಟು, ಕನ್ನಡಿಯಲ್ಲಿ ಮಾತ್ರ ನೋಡ್ಕೊಂಡು ನಕ್ಷತ್ರದ ಗೆರೆ ಮೇಲೆ ಎಳೀರಿ ಅಂದ್ರು. ಮೂರು ದಿನದಲ್ಲಿ ಕೈ ಪಳಗ್ತು, ಆದ್ರೆ ಇದನ್ನ ಮುಂಚೆ ಮಾಡಿದ್ದೆ ಅನ್ನೋದೇ ಅವರಿಗೆ ನೆನಪಿಲ್ಲ! ಕೈಗೆ ಕೂತ ಅಭ್ಯಾಸ ಬೇರೆ, ಘಟನೆಗಳ ನೆನಪು ಬೇರೆ ಅನ್ನೋದು ಇದ್ರಿಂದ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯ್ತು. ನಂಗಂತೂ ಮಿಲ್ನರ್ ಅವರ ಇಡೀ ಲಿಸ್ಟಲ್ಲಿ ಎಚ್.ಎಂ. ಬಗ್ಗೆ ಮಾಡಿದ ಈ ಕೆಲಸಗಳೇ ತುಂಬಾ ಇಷ್ಟ.