ರಕ್ತಸ್ರಾವದ ನಂತರದ ಎಂಆರ್‌ಐ: ಕಪ್ಪು ಚುಕ್ಕಿ ಎಷ್ಟಿವೆ ಎನ್ನುವುದಕ್ಕಿಂತ ಎಲ್ಲಿವೆ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಮೂರು ತಿಂಗಳ ಹಿಂದೆ ಬಿಪಿ ಏರಿ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಹೃದಯದ ಸ್ಟೆಂಟ್‌ಗಾಗಿ ತೆಗೆದುಕೊಳ್ಳುತ್ತಿದ್ದ ಆಸ್ಪಿರಿನ್ ಅಂದೇ ನಿಲ್ಲಿಸಿದರು. ಈಗ ಎಂಆರ್‌ಐ ಮಾಡಿಸಿ ಎನ್ನುತ್ತಿದ್ದಾರೆ. ಮತ್ತೆ ಸ್ಟ್ರೋಕ್ ಆಗುತ್ತದೆಯೇ ಎಂದು ಅದರಲ್ಲಿ ತಿಳಿಯುತ್ತದೆಯೇ?

ಉತ್ತರ: ಆಗುತ್ತದೋ ಇಲ್ಲವೋ ಎಂದು ಯಾವ ಸ್ಕ್ಯಾನೂ ಹೇಳದು. ನಿಮ್ಮ ತಂದೆಯವರಿಗೆ ಅಪಾಯ ಎರಡು ಕಡೆಯಿಂದ ಇದೆ: ರಕ್ತನಾಳ ಮತ್ತೆ ಒಡೆಯಬಹುದು, ಇಲ್ಲವೇ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಬಹುದು. ತಕ್ಕಡಿ ಯಾವ ಕಡೆ ವಾಲಿದೆ ಎಂಬ ಅಂದಾಜಿಗೆ ಎಂಆರ್‌ಐ ಬೇಕು.

ಚೀಟಿಯಲ್ಲಿ ಬರೀ ‘ಎಂಆರ್‌ಐ ಬ್ರೈನ್’ ಎಂದಿದ್ದರೆ ‘ಎಸ್‌ಡಬ್ಲ್ಯುಐ’ ಎಂಬ ಬಗೆಯ ಚಿತ್ರವೂ ಸೇರಿದೆಯೇ ಎಂದು ಕೇಳಿ. ಹಿಂದೆ ಸದ್ದಿಲ್ಲದೆ ಜಿನುಗಿದ ರಕ್ತದ ಕಬ್ಬಿಣದಂಶ ಅದರಲ್ಲಿ 10 ಮಿ.ಮೀ.ಗಿಂತ ಚಿಕ್ಕ ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಇವು ಸಿಟಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ.

ವರದಿ ಬಂದೊಡನೆ ಎಲ್ಲರೂ ಚುಕ್ಕಿ ಎಣಿಸಲು ಕೂರುತ್ತಾರೆ. ಅದಕ್ಕಿಂತ ಮುಖ್ಯ ಅವು ಇರುವ ಜಾಗ. ಮೆದುಳಿನ ಆಳದಲ್ಲಿ, ಅಂದರೆ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಮೆದುಳುಕಾಂಡದಲ್ಲಿ ಇದ್ದರೆ ಸಾಮಾನ್ಯವಾಗಿ ಬಿಪಿಯೇ ಕಾರಣ. ಹೊರ ಅಂಚಿನ ಹಾಲೆಗಳಲ್ಲಿ ಮಾತ್ರ ಇದ್ದರೆ ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಪ್ರೊಟೀನ್ ಶೇಖರವಾಗಿರುವ ಶಂಕೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅಮೈಲಾಯ್ಡ್ ರೋಗಿಗಳಲ್ಲಿ ಮರುರಕ್ತಸ್ರಾವ ವರ್ಷಕ್ಕೆ ಸುಮಾರು ಶೇ 7, ಉಳಿದವರಲ್ಲಿ ಸುಮಾರು ಶೇ 1. ಮೆದುಳಿನ ಮೇಲ್ಮೈ ಮಡಿಕೆಗುಂಟ ಕಪ್ಪು ಗೆರೆ ಹರಡಿದ್ದರೆ (ವರದಿಯಲ್ಲಿ ‘ಸೂಪರ್‌ಫಿಶಿಯಲ್ ಸಿಡರೋಸಿಸ್’ ಎಂದಿರುತ್ತದೆ) ಅಪಾಯ ಇನ್ನೂ ಹೆಚ್ಚು. ನಮ್ಮ ಕಣ್ಣು ಮೊದಲು ಹುಡುಕುವುದೇ ಅದನ್ನು.

ಹೆಪ್ಪಿನ ಕಡೆಯ ಸುಳಿವು ‘ಡಿಡಬ್ಲ್ಯುಐ’ ಚಿತ್ರದಲ್ಲಿದೆ. ಅಲ್ಲಿ ಹೊಳೆಯುವ ಚಿಕ್ಕ ಬಿಳಿ ಚುಕ್ಕಿ ಕಂಡರೆ ಕಳೆದ ಎರಡು ವಾರದೊಳಗೆ, ಯಾವ ಲಕ್ಷಣವೂ ಇಲ್ಲದೆ, ಸಣ್ಣ ನಾಳವೊಂದು ಮುಚ್ಚಿರಬಹುದು.

ಎಡವುವುದೂ ಉಂಟು. ಬೇಸಲ್ ಗ್ಯಾಂಗ್ಲಿಯಾದಲ್ಲಿ ಕೂತ ಸುಣ್ಣ (ಕ್ಯಾಲ್ಸಿಯಂ) ಕೂಡ ಎಸ್‌ಡಬ್ಲ್ಯುಐನಲ್ಲಿ ಕಪ್ಪೇ. ಹಳೆಯ ಸಿಟಿ ಜೊತೆಗಿಟ್ಟು ನೋಡಿದರೆ ಬೇರ್ಪಡಿಸಬಹುದು. 1.5 ಟೆಸ್ಲಾ (ಯಂತ್ರದ ಕಾಂತಶಕ್ತಿಯ ಅಳತೆ) ಯಂತ್ರದಲ್ಲಿ ನಾಲ್ಕು ಚುಕ್ಕಿ ಕಂಡದ್ದು 3 ಟೆಸ್ಲಾದಲ್ಲಿ ಏಳಾದರೆ ಕಾಯಿಲೆ ಉಲ್ಬಣಿಸಿದೆ ಎಂದು ಗಾಬರಿಯಾಗಬೇಡಿ, ಯಂತ್ರ ಸೂಕ್ಷ್ಮವಾಗಿದೆ ಅಷ್ಟೆ. ಮೂರು ತಿಂಗಳು ಕಳೆದದ್ದು ಒಂದು ರೀತಿ ಒಳ್ಳೆಯದೇ: ಮೊದಲ ದಿನಗಳಲ್ಲಿ ರಕ್ತದ ಗಡ್ಡೆಯ ಹಿಂದೆ ಅಡಗಿದ್ದ ಗಂಟು ಅಥವಾ ವಿರೂಪ ನಾಳ ಇದ್ದರೆ ಈಗ ಕಾಣುತ್ತದೆ.

ಆಸ್ಪಿರಿನ್ ವಿಚಾರ. ಬ್ರಿಟನ್ನಿನ 537 ರೋಗಿಗಳ ‘ರೀಸ್ಟಾರ್ಟ್’ ಅಧ್ಯಯನ (2019) ಇಂಥ ಮಾತ್ರೆ ಮರಳಿ ಶುರು ಮಾಡಿದವರಲ್ಲಿ ಮರುರಕ್ತಸ್ರಾವ ಹೆಚ್ಚಾದುದನ್ನು ಕಾಣಲಿಲ್ಲ. ಕಪ್ಪು ಚುಕ್ಕಿ ಇದ್ದವರಲ್ಲೂ ಹಾನಿ ಎದ್ದು ಕಾಣಲಿಲ್ಲ, ಆದರೆ ಆ ಗುಂಪು ಚಿಕ್ಕದು. ಹಾಗಾಗಿ ಚುಕ್ಕಿ ಇದೆ ಎಂಬ ಒಂದೇ ಕಾರಣಕ್ಕೆ ಸ್ಟೆಂಟ್ ಇರುವವರಿಗೆ ಆಸ್ಪಿರಿನ್ ಶಾಶ್ವತವಾಗಿ ನಿಲ್ಲಿಸುವುದು ನಮಗೆ ಸರಿಕಾಣದು. ಆಳದ ಚುಕ್ಕಿಗಳಾಗಿದ್ದು ಬಿಪಿ 130/80ರೊಳಗಿದ್ದರೆ ಮರಳಿ ಕೊಡುವತ್ತ ನಮ್ಮ ಒಲವು. ಸಿಡರೋಸಿಸ್ ಇದ್ದರೆ ಹಿಂಜರಿಕೆ. ಇದನ್ನು ನರರೋಗ ತಜ್ಞರು, ಹೃದ್ರೋಗ ತಜ್ಞರು ಕೂಡಿ ತೀರ್ಮಾನಿಸಬೇಕು. ನೀವಾಗಿಯೇ ಶುರು ಮಾಡಬೇಡಿ.

ಹೋಗುವಾಗ ಮೊದಲ ದಿನದ ಸಿಟಿಯ ಸಿಡಿ (ವರದಿಯ ಹಾಳೆಯೊಂದೇ ಸಾಲದು), ಸ್ಟೆಂಟ್ ಕಾರ್ಡ್ ಮತ್ತು ಏಳು ದಿನ ಬೆಳಿಗ್ಗೆ ಮಾತ್ರೆಗೆ ಮುಂಚೆ, ಸಂಜೆ ತಲಾ ಎರಡು ಸಲ ಅಳೆದ ಬಿಪಿ ಪಟ್ಟಿ ಒಯ್ಯಿರಿ. ಈಗಿನ ಹೃದಯದ ಸ್ಟೆಂಟ್ ಸಾಮಾನ್ಯವಾಗಿ ಎಂಆರ್‌ಐಗೆ ಅಡ್ಡಿಯಲ್ಲ. ಪೇಸ್‌ಮೇಕರ್ ಇದ್ದರೆ ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಹೇಳಿಬಿಡಿ.